ಟ್ಯೂಬ್‌ಲೈಟ್ ಮುಟ್ಟಿದರೆ ಬರೀ ಬೆಚ್ಚಗೆ, ಸೂರ್ಯ ಬೆಂಕಿ: ಎರಡೂ ಪ್ಲಾಸ್ಮಾ ಹೇಗೆ?

ಟೀಚರಮ್ಮ_ತಿಪಟೂರು:
ಒಂಬತ್ತನೇ ತರಗತಿಗೆ ದ್ರವ್ಯದ ಸ್ಥಿತಿಗಳ ಪಾಠ ನಡೀತಿದೆ. ಘನ, ದ್ರವ, ಅನಿಲ ಮುಗಿದು ಪ್ಲಾಸ್ಮಾಕ್ಕೆ ಬಂದಾಗ ‘ಅನಿಲವನ್ನು ವಿಪರೀತ ಕಾಯಿಸಿದರೆ ಸಿಗುವ ನಾಲ್ಕನೇ ಸ್ಥಿತಿ, ಉದಾಹರಣೆ ಸೂರ್ಯ, ಟ್ಯೂಬ್‌ಲೈಟ್’ ಅಂತ ಬರೆಸಿದೆ. ಒಬ್ಬ ಹುಡುಗಿ ಎದ್ದು ನಿಂತು ಎರಡು ಪ್ರಶ್ನೆ ಹಾಕಿದಳು. ವಿಪರೀತ ಕಾಯಿಸಿದ ಅನಿಲ ಒಳಗಿದ್ದರೆ ಟ್ಯೂಬ್‌ಲೈಟ್ ಗಾಜು ಯಾಕೆ ಕರಗಲ್ಲ? ಐಸು 0 ಡಿಗ್ರಿಗೆ ಕರಗುತ್ತೆ, ನೀರು 100ಕ್ಕೆ ಕುದಿಯುತ್ತೆ, ಅನಿಲ ಪ್ಲಾಸ್ಮಾ ಆಗೋದು ಎಷ್ಟು ಡಿಗ್ರಿಗೆ? ಪರೀಕ್ಷೆಗೆ ಒಂದು ವಾಕ್ಯ ಸಾಕು, ಆದರೆ ಅವಳಿಗೆ ಸಾಲದು, ನಿಜ ಹೇಳಬೇಕಂದ್ರೆ ನನಗೂ ಸಾಲದು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕಿರಣಬಿಂಬ:
ಎರಡೂ ಪ್ರಶ್ನೆ ಒಂದೇ ಜಾಗಕ್ಕೆ ಚುಚ್ಚುತ್ತಿವೆ ಟೀಚರ್. ‘ವಿಪರೀತ ಕಾಯಿಸಿದ ಅನಿಲ’ ಅನ್ನೋ ವ್ಯಾಖ್ಯೆಯೇ ಸಡಿಲ. ಶಾಖ ಪ್ಲಾಸ್ಮಾ ಮಾಡೋಕೆ ಒಂದು ದಾರಿ ಅಷ್ಟೇ.

ಟ್ಯೂಬ್‌ಲೈಟ್ ಒಳಗಿರೋದು ಬಹುಪಾಲು ಆರ್ಗಾನ್, ಜೊತೆಗೆ ಚೂರೇ ಚೂರು ಪಾದರಸದ ಆವಿ. ಒತ್ತಡ ಹೊರಗಿನ ಗಾಳಿಯದರ ಸುಮಾರು 250ರಲ್ಲಿ ಒಂದು ಪಾಲು. ಎರಡೂ ತುದಿಗೆ ವೋಲ್ಟೇಜು ಕೊಟ್ಟಾಗ ವಿದ್ಯುತ್ ಕ್ಷೇತ್ರದ ಶಕ್ತಿಯೆಲ್ಲ ಹೋಗಿ ಸೇರೋದು ಹಗುರವಾದ ಎಲೆಕ್ಟ್ರಾನುಗಳಿಗೆ. ಆರ್ಗಾನ್ ಪರಮಾಣು ಎಲೆಕ್ಟ್ರಾನಿಗಿಂತ ಸುಮಾರು 73,000 ಪಟ್ಟು ಭಾರ. ಗೋಲಿ ಬಂಡೆಗೆ ಬಡಿದ ಹಾಗೆ, ಎಲೆಕ್ಟ್ರಾನ್ ದಿಕ್ಕು ಬದಲಿಸಿ ಹೊರಡುತ್ತೆ, ಪರಮಾಣು ಜಗ್ಗಲ್ಲ. ಒಂದೊಂದು ಡಿಕ್ಕಿಯಲ್ಲಿ ದಾಟೋ ಶಕ್ತಿ ಹತ್ತಾರು ಸಾವಿರದಲ್ಲಿ ಒಂದು ಪಾಲು ಮಾತ್ರ. ಅನಿಲ ತೆಳುವಾಗಿರೋದರಿಂದ ಡಿಕ್ಕಿಗಳೂ ಕಡಿಮೆ. ಹಾಗಾಗಿ ಎಲೆಕ್ಟ್ರಾನುಗಳ ಉಷ್ಣತೆ ಸುಮಾರು 11,000 ಕೆಲ್ವಿನ್, ಅದೇ ಕೊಳವೆಯ ಅನಿಲದ್ದು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಜಿಗೆ ತಟ್ಟೋದು ಅನಿಲದ ಬಿಸಿ. ಎಲೆಕ್ಟ್ರಾನ್ ಪಾದರಸದ ಪರಮಾಣುವನ್ನ ಕೆರಳಿಸಿದಾಗ 253.7 ನ್ಯಾನೊಮೀಟರಿನ ಅತಿನೇರಳೆ ಕಿರಣ ಹೊರಡುತ್ತೆ, ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನ ಕಣ್ಣಿಗೆ ಕಾಣೋ ಬೆಳಕು ಮಾಡುತ್ತೆ.

ಇನ್ನೊಂದು ಸ್ವಾರಸ್ಯ. ಆ ಕೊಳವೆಯಲ್ಲಿ ಎಲೆಕ್ಟ್ರಾನ್ ಕಳಕೊಂಡ ಪರಮಾಣುಗಳು, ಅಂದ್ರೆ ಅಯಾನುಗಳು, ಲಕ್ಷಕ್ಕೆ ಒಂದೋ ಹತ್ತು ಲಕ್ಷಕ್ಕೆ ಒಂದೋ. ಉಳಿದದ್ದೆಲ್ಲ ಮಾಮೂಲಿ ಅನಿಲ. ಆದರೂ ಅದು ಪ್ಲಾಸ್ಮಾವೇ.

ಎರಡನೇ ಪ್ರಶ್ನೆಗೆ ಉತ್ತರ: ಅಂಥ ಡಿಗ್ರಿ ಇಲ್ಲ. ನೀರು ಕುದಿಯುವಾಗ 100ರಲ್ಲೇ ನಿಂತು ಗುಪ್ತೋಷ್ಣ ಕುಡಿಯುತ್ತೆ. ಅನಿಲ ಅಯಾನಾಗುವಾಗ ಹಾಗೆ ನಿಲ್ಲೋ ಮೆಟ್ಟಿಲಿಲ್ಲ. ಉಷ್ಣತೆ ಏರಿದ ಹಾಗೆ ಅಯಾನುಗಳ ಪಾಲು ನಯವಾಗಿ ಏರುತ್ತೆ.

ಸುಮ್ನೆ_ಓದೋನು:
ಲಕ್ಷಕ್ಕೆ ಒಂದು ಪರಮಾಣು ಹೋದರೆ ಇಡೀ ಅನಿಲಕ್ಕೇ ಹೊಸ ಹೆಸರಾ? ಇದು ಸ್ವಲ್ಪ ಜಾಸ್ತಿಯಾಯ್ತು ಗುರುಗಳೇ.

ಪೀಣ್ಯ ಫ್ಯಾಬ್ರಿಕೇಟರ್:
ನಮ್ಮ ಶೆಡ್ಡಿಗೆ ಬನ್ನಿ, 40 ಡಿಗ್ರಿ ಪ್ಲಾಸ್ಮಾ ಅಂದ್ರೆ ಹುಡುಗರು ನಗ್ತಾರೆ. ಪ್ಲಾಸ್ಮಾ ಕಟ್ಟರ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಎಲ್ಲಾ ಬೆಣ್ಣೆ. ಗ್ಯಾಸ್ ಕಟ್ಟಿಂಗ್‌ನಲ್ಲಿ ಮೈಲ್ಡ್ ಸ್ಟೀಲ್ ಮಾತ್ರ ಆಗುತ್ತೆ, ಯಾಕಂದ್ರೆ ಅಲ್ಲಿ ಕತ್ತರಿಸೋದು ಆಕ್ಸಿಜನ್, ಕಬ್ಬಿಣ ಉರಿದು ಹೋಗುತ್ತೆ. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡ್ ಪದರ ಕಟ್ಟಿಕೊಂಡು ಉರಿಯೋಕೇ ಬಿಡಲ್ಲ. ಪ್ಲಾಸ್ಮಾಕ್ಕೆ ಆ ತಕರಾರಿಲ್ಲ, ಕರಗಿಸಿ ಊದಿ ಹಾಕುತ್ತೆ. ನಾವು ಹಾಕೋದು ಬರೀ ಕಂಪ್ರೆಸರ್ ಗಾಳಿ. ತಾಮ್ರದ ನಾಜಲ್ಲಿನ ಸಣ್ಣ ತೂತಿನಲ್ಲಿ ಆರ್ಕ್ ಹಿಂಡಿದಾಗ 20,000 ಡಿಗ್ರಿ ದಾಟುತ್ತೆ ಅಂತ ಮಷಿನ್ ಕೊಟ್ಟವರೇ ಹೇಳಿದ್ದು. ಎಲೆಕ್ಟ್ರೋಡ್ ತುದಿಯಲ್ಲಿ ಹಾಫ್ನಿಯಂ ಬೊಟ್ಟು ಇರುತ್ತೆ, ಗಾಳಿಯಲ್ಲಿ ಟಂಗ್‌ಸ್ಟನ್ ನಿಲ್ಲಲ್ಲ, ಸುಟ್ಟು ಹೋಗುತ್ತೆ. ಹಾಗಾದ್ರೆ ಟ್ಯೂಬ್‌ಲೈಟಿಗೂ ನಮ್ಮ ಕಟ್ಟರ್ ಟಾರ್ಚಿಗೂ ವ್ಯತ್ಯಾಸ ಏನು?

ಕಿರಣಬಿಂಬ:
ಒತ್ತಡ. ನಿಮ್ಮ ಟಾರ್ಚಿನಲ್ಲಿ ಗಾಳಿ ಪೂರ್ತಿ ವಾತಾವರಣದ ಒತ್ತಡದಲ್ಲೋ ಅದಕ್ಕಿಂತ ಹೆಚ್ಚಿನದರಲ್ಲೋ ಇರುತ್ತೆ. ಒಂದು ಡಿಕ್ಕಿಯಲ್ಲಿ ದಾಟೋ ಶಕ್ತಿ ಅಷ್ಟೇ ಚೂರು, ಆದರೆ ಡಿಕ್ಕಿಗಳ ಸಂಖ್ಯೆ ಎಷ್ಟು ಅಂದ್ರೆ ಎಲೆಕ್ಟ್ರಾನೂ ಪರಮಾಣುವೂ ಒಂದೇ ಉಷ್ಣತೆಗೆ ಬಂದುಬಿಡ್ತವೆ. ಆಗ ಎದುರಿಗಿದ್ದ ಲೋಹ ಉಳಿಯಲ್ಲ. ಟ್ಯೂಬ್‌ಲೈಟಿನಲ್ಲಿ ಎಲೆಕ್ಟ್ರಾನ್ ಬಿಸಿ, ಅನಿಲ ತಣ್ಣಗೆ. ಸೂರ್ಯನ ಒಳಗೂ ನಿಮ್ಮ ಟಾರ್ಚಿನ ಥರಾನೇ, ಒಂದು ಜಾಗದಲ್ಲಿ ಎಲೆಕ್ಟ್ರಾನಿಗೂ ಅಯಾನಿಗೂ ಒಂದೇ ಉಷ್ಣತೆ.

ಅಗ್ನಿಮಿತ್ರ:
ಇಷ್ಟು ಸುತ್ತಾಟ ಯಾಕೆ? ಪೃಥ್ವಿ ಘನ, ಅಪ್ ದ್ರವ, ವಾಯು ಅನಿಲ, ತೇಜಸ್ಸು ಅಂದ್ರೆ ಅಗ್ನಿ ಪ್ಲಾಸ್ಮಾ. ನಮ್ಮವರು ಪಂಚಭೂತ ಅಂತ ಎಂದೋ ಹೇಳಿಟ್ಟಿದ್ದಾರೆ. ದೇವರ ಮನೆ ದೀಪ ಹಚ್ಚಿ ಮಕ್ಕಳಿಗೆ ತೋರಿಸಿ, ಇದೇ ಪ್ಲಾಸ್ಮಾ ಅನ್ನಿ. ಮುಗೀತು.

ಧಾರವಾಡ_ಮಾಸ್ತರ:
ಅಗ್ನಿಮಿತ್ರ ಅವರ, ಪಂಚಭೂತ ಬಲ್ಲವರು ಅದನ್ನ ಹಿಂಗ ಹೊಂದಿಸಿ ಬರೆಯೂದಿಲ್ರಿ. ಅಲ್ಲಿ ತೇಜಸ್ಸಿಗೆ ರೂಪ, ಅಪ್ಪಿಗೆ ರಸ, ಪೃಥ್ವಿಗೆ ಗಂಧ ಅಂತ ಗುಣ ಹೇಳ್ಯಾರ. ಅದು ಇಂದ್ರಿಯಕ್ಕ ಜಗತ್ತು ಹೆಂಗ ತೋರ್ತೈತಿ ಅನ್ನೂ ವಿಚಾರ. ಅದಕ್ಕ ಅದರದೇ ತೂಕ ಐತಿ, ಎಲೆಕ್ಟ್ರಾನಿನ ಲೆಕ್ಕಕ್ಕ ಎಳದು ತಂದು ಅದನ್ನ ಸಣ್ಣದು ಮಾಡಬ್ಯಾಡ್ರಿ. ‘ನಾಲ್ಕನೇ ಸ್ಥಿತಿ’ ಅಂತ ಎಣಿಸಿದವರು ವಿಲಿಯಂ ಕ್ರೂಕ್ಸ್, 1879ರಾಗ, ಗಾಳಿ ತೆಗೆದ ಗಾಜಿನ ಕೊಳವ್ಯಾಗ ವಿದ್ಯುತ್ ಹರಿಸಿ ನೋಡಿ. ಪ್ಲಾಸ್ಮಾ ಅನ್ನೂ ಹೆಸರು 1928ರಾಗ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇಟ್ಟದ್ದು.

ಇನ್ನ ದೀಪ. ಎಣ್ಣಿ ದೀಪದ ಹಳದಿ ಬೆಳಕು ಮಸಿದು. ಕುಡಿಯೊಳಗಿನ ಇಂಗಾಲದ ಸಣ್ಣ ಕಣ ಕಾದು ಕೆಂಪಗ, ಹಳದಿ ಆಗ್ತಾವ. ಅಂದ್ರ ಅದು ಕಾದ ಘನವಸ್ತುವಿನ ಬೆಳಕು!

ಅಗ್ನಿಮಿತ್ರ:
ಬೆಳಕು ಮಸಿಯದ್ದೇ ಇರಲಿ ಮಾಸ್ತರೇ. ಕುಡಿಯಲ್ಲಿ ಅಯಾನು ಇದೆಯೋ ಇಲ್ಲವೋ ಹೇಳಿ. ಎರಡು ಲೋಹದ ತಟ್ಟೆ ನಡುವೆ ಮೇಣದ ಬತ್ತಿ ಇಟ್ಟು ಹೈ ವೋಲ್ಟೇಜು ಕೊಟ್ಟರೆ ಜ್ವಾಲೆ ಋಣ ತಟ್ಟೆ ಕಡೆ ಬಾಗುತ್ತೆ. ಕಾಲೇಜಿನಲ್ಲಿ ಕಣ್ಣಾರೆ ನೋಡಿದ್ದೀನಿ. ಅಯಾನಿಲ್ಲದೆ ಬಾಗುತ್ತಾ?

ಕಿರಣಬಿಂಬ:
ಈಗ ಮಾತು ಸರಿಯಾದ ಜಾಗಕ್ಕೆ ಬಂತು. ಅಗ್ನಿಮಿತ್ರ ಹೇಳಿದ ಪ್ರಯೋಗ ನಿಜ. ಜ್ವಾಲೆಯಲ್ಲಿ ಅಯಾನುಗಳಿವೆ, ಅದೂ ಬರೀ ಬಿಸಿಯಿಂದ ಬಂದಿದ್ದಲ್ಲ. ಹೈಡ್ರೋಕಾರ್ಬನ್ ಉರಿಯುವಾಗ ರಾಸಾಯನಿಕ ಕ್ರಿಯೆಯೇ ಕೆಲವು ಎಲೆಕ್ಟ್ರಾನುಗಳನ್ನ ಕಿತ್ತು ಬಿಡುತ್ತೆ. ಪ್ರಯೋಗಾಲಯಗಳ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರದಲ್ಲಿ ಇದನ್ನೇ ಪತ್ತೇದಾರನಾಗಿ ಬಳಸ್ತಾರೆ: ಸಣ್ಣ ಹೈಡ್ರೋಜನ್ ಜ್ವಾಲೆಗೆ ಮಾದರಿ ಬಿಟ್ಟು, ಹುಟ್ಟಿದ ಅಯಾನುಗಳ ಕರೆಂಟು ಅಳೆಯೋದು.

ಆದರೆ ಅಯಾನು ಇದ್ದ ಮಾತ್ರಕ್ಕೆ ಪ್ಲಾಸ್ಮಾ ಅಲ್ಲ. ಸುಮ್ನೆ_ಓದೋನು ಕೇಳಿದ ‘ಲಕ್ಷಕ್ಕೆ ಒಂದು’ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎಷ್ಟು ಪಾಲು ಅಯಾನಾಗಿದೆ ಅನ್ನೋದಕ್ಕಿಂತ ಆ ವಿದ್ಯುದಾವೇಶಗಳು ಒಟ್ಟಾಗಿ ವರ್ತಿಸ್ತವಾ ಅನ್ನೋದು ಮುಖ್ಯ. ಒಂದು ಧನ ಆವೇಶವನ್ನ ಒಳಗೆ ತೂರಿಸಿದರೆ ಎಲೆಕ್ಟ್ರಾನುಗಳು ಸುತ್ತ ಮುತ್ತಿ ಅದರ ಪ್ರಭಾವವನ್ನ ಒಂದು ಸಣ್ಣ ದೂರದೊಳಗೆ ಮುಚ್ಚಿಹಾಕ್ತವೆ. ಅದಕ್ಕೆ ಡಿಬೈ ಉದ್ದ ಅಂತಾರೆ. ಟ್ಯೂಬ್‌ಲೈಟಿನಲ್ಲಿ ಅದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಕೊಳವೆಯ ಅಡ್ಡಳತೆ 26 ಮಿಲಿಮೀಟರ್. ಅಂದರೆ ಕೊಳವೆ ದೊಡ್ಡದು, ಮುಚ್ಚೋ ದೂರ ಪುಟಾಣಿ. ಮೊದಲ ಪರೀಕ್ಷೆ ಪಾಸ್. ಆ ಪುಟ್ಟ ದೂರದ ಗೋಳದೊಳಗೆ ಎಲೆಕ್ಟ್ರಾನುಗಳು ಸಾಕಷ್ಟಿರಬೇಕು, ಅದು ಎರಡನೇದು. ಮೂರನೇದು ಮರೆತುಹೋಗೋ ಷರತ್ತು: ಎಲೆಕ್ಟ್ರಾನುಗಳನ್ನ ಒಂಚೂರು ಸರಿಸಿ ಬಿಟ್ಟರೆ ಅವೆಲ್ಲ ಸೇರಿ ತೂಗಾಡಬೇಕು. ಆ ತೂಗಾಟ ಮುಗಿಯೋ ಮೊದಲೇ ತಟಸ್ಥ ಪರಮಾಣುಗಳಿಗೆ ಡಿಕ್ಕಿ ಹೊಡೆದು ಚೆದುರಿಹೋಗಬಾರದು.

ಮೇಣದ ಬತ್ತಿ ಮೊದಲನೇದರಲ್ಲಿ ಪಾಸ್. ಅಲ್ಲಿ ಡಿಬೈ ಉದ್ದ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ಅಥವಾ ಇನ್ನೂ ಕಡಿಮೆ. ಮೂರನೇದರಲ್ಲಿ ಫೇಲ್. ವಾತಾವರಣದ ಒತ್ತಡದಲ್ಲಿ, 2,000 ಕೆಲ್ವಿನ್ ಸುಮಾರಿನಲ್ಲಿ, ಒಂದು ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು ಹತ್ತು ಸಾವಿರ ಕೋಟಿ ಸಲ ಡಿಕ್ಕಿ ಹೊಡೆಯುತ್ತೆ. ಒಟ್ಟಾಗಿ ತೂಗೋಕೆ ಪುರುಸೊತ್ತೇ ಇಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ದೀಪದ ಕುಡಿ ಅಂದ್ರೆ ಚೂರು ಅಯಾನು ಬೆರೆತ ಬಿಸಿ ಅನಿಲ, ಪ್ಲಾಸ್ಮಾ ಅಲ್ಲ. ಕೆಲವರು ಇದನ್ನೂ ‘ದುರ್ಬಲ ಪ್ಲಾಸ್ಮಾ’ ಅಂತ ಸೇರಿಸ್ತಾರೆ, ಅದಕ್ಕೆ ಜಗಳ ಆಡಲ್ಲ. ಗೆರೆಯೇ ಮಸುಕು.

ಅಗ್ನಿಮಿತ್ರ:
ಗೆರೆ ಮಸುಕು ಅಂತ ನೀವೇ ಒಪ್ಪಿದ ಮೇಲೆ ನನ್ನ ದೀಪವನ್ನ ಆಚೆ ತಳ್ಳೋಕೆ ಯಾಕಿಷ್ಟು ಉತ್ಸಾಹ?

ಕಿರಣಬಿಂಬ:
ಮಕ್ಕಳಿಗೆ ತೋರಿಸೋಕೆ ಗೆರೆಯ ನಡುಮಧ್ಯೆ ಇರೋ ಉದಾಹರಣೆ ಬೇಡ ಅಂತ. ಮಿಂಚು ತೋರಿಸಿ, ಸುಮಾರು 30,000 ಕೆಲ್ವಿನ್, ಯಾರೂ ತಕರಾರು ಮಾಡಲ್ಲ.

ನಿರ್ವಾಹಕ:
ಪಂಚಭೂತದ ಬಗ್ಗೆ ಬಂದ ಐದಾರು ಉತ್ತರಗಳನ್ನ ಬೇರೆ ಎಳೆಗೆ ಸಾಗಿಸಲಾಗಿದೆ. ಇಲ್ಲಿ ಪ್ಲಾಸ್ಮಾ ಮಾತ್ರ.

ಟೀಚರಮ್ಮ_ತಿಪಟೂರು:
ಇದು ಬೇಕಾಗಿತ್ತು! ಆದರೆ ‘ಉಷ್ಣತೆ ಏರಿದ ಹಾಗೆ ನಯವಾಗಿ ಏರುತ್ತೆ’ ಅಂದಿರಲ್ಲ, ಎಷ್ಟು ಏರುತ್ತೆ ಅಂತ ಲೆಕ್ಕ ಹಾಕೋಕೆ ಬರುತ್ತಾ?

ಧಾರವಾಡ_ಮಾಸ್ತರ:
ಬರ್ತದ್ರಿ, ಮತ್ತ ಆ ಲೆಕ್ಕ ನಮ್ಮ ದೇಶದಾಗ ಹುಟ್ಟಿದ್ದು. ಇದನ್ನ ಮಕ್ಕಳಿಗೆ ಹೇಳಲಿಕ್ಕೇ ಬೇಕು.

ಮೇಘನಾದ ಸಹಾ, 1920, ಕಲಕತ್ತಾ. ಅವರ ಎದುರಿಗಿದ್ದ ಒಗಟು ಹಿಂಗಿತ್ತು. ಸೂರ್ಯನ ಮೇಲ್ಮೈ ಬಿಟ್ಟು ಅದರ ಮ್ಯಾಲಿನ ಪದರ ವರ್ಣಗೋಳದಾಗ ಮ್ಯಾಲೆ ಮ್ಯಾಲೆ ಹೋದಂಗ ಬೆಳಕಿನ ವರ್ಣಪಟಲದಾಗ ಸಾದಾ ಕ್ಯಾಲ್ಸಿಯಂ ಗೆರಿ ಮಾಯ, ಅಯಾನಾದ ಕ್ಯಾಲ್ಸಿಯಂದು ಎಚ್ ಮತ್ತ ಕೆ ಅನ್ನೂ ಗೆರಿ ಜೋರು. ಆಗಿನವರ ತಿಳುವಳಿಕಿ ಪ್ರಕಾರ ಮ್ಯಾಲೆ ಹೋದಂಗ ತಣ್ಣಗ ಆಗ್ಬೇಕು. ತಣ್ಣಗಿದ್ದಲ್ಲಿ ಅಯಾನು ಹೆಚ್ಚು ಹೆಂಗ? ಸಹಾ ಅಂದದ್ದು, ಬರೇ ಉಷ್ಣತಾ ನೋಡಬ್ಯಾಡ್ರಿ, ಒತ್ತಡಾನೂ ನೋಡ್ರಿ. ಒಂದು ಪರಮಾಣು ಎಲೆಕ್ಟ್ರಾನ್ ಕಳಕೊಂಡ್ರ ಅದು ವಾಪಸ್ ಸಾದಾ ಆಗಲಿಕ್ಕೆ ಇನ್ನೊಂದು ಎಲೆಕ್ಟ್ರಾನ್ ಸಿಗಬೇಕು. ಅನಿಲ ತೆಳು ಇದ್ದಲ್ಲಿ ಸಿಗೂದು ಕಷ್ಟ, ಹಿಂಗಾಗಿ ಅಯಾನು ಅಯಾನಾಗೇ ಉಳೀತೈತಿ. ಉಷ್ಣತಾ, ಒತ್ತಡ, ಎಲೆಕ್ಟ್ರಾನ್ ಕೀಳಲಿಕ್ಕೆ ಬೇಕಾಗೂ ಶಕ್ತಿ, ಮೂರೂ ಸೇರಿಸಿ ಒಂದು ಸಮೀಕರಣ ಬರದ್ರು.

ಅದರ ಮಜಾ ನೋಡ್ರಿ. ಹೈಡ್ರೋಜನ್ನಿನ ಎಲೆಕ್ಟ್ರಾನ್ ಕೀಳಲಿಕ್ಕೆ 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಅದನ್ನ ಉಷ್ಣತಾಕ್ಕ ತಿರುಗಿಸಿದ್ರ 1,58,000 ಕೆಲ್ವಿನ್ ಆಗ್ತೈತಿ. ಆದ್ರ ನಕ್ಷತ್ರದ ಹೊರಪದರದಾಗ 10,000 ಕೆಲ್ವಿನ್ ಸುಮಾರಿಗೇ ಅರ್ಧದಷ್ಟು ಹೈಡ್ರೋಜನ್ ಅಯಾನಾಗಿ ಬಿಟ್ಟಿರ್ತೈತಿ. 1925ರಾಗ ಸಿಸಿಲಿಯಾ ಪೇನ್ ಇದೇ ಸಮೀಕರಣ ಹಿಡಿದು ನಕ್ಷತ್ರಗಳಾಗ ಹೈಡ್ರೋಜನ್ನು, ಹೀಲಿಯಂ ಎಲ್ಲಕ್ಕಿಂತ ಹೆಚ್ಚು ಅಂತ ತೋರಿಸಿದ್ಲು. ದೊಡ್ಡ ದೊಡ್ಡವರು ಮೊದಲು ನಂಬಲಿಲ್ಲ.

ಕಿರಣಬಿಂಬ:
ಮಾಸ್ತರ್ ಹೇಳಿದ ಸಮೀಕರಣಕ್ಕೆ ಸೂರ್ಯನ ಮೇಲ್ಮೈಯ 5,772 ಕೆಲ್ವಿನ್ ಹಾಕಿ ನೋಡಿ. ನಾವು ಕಣ್ಣಿಂದ ನೋಡೋ ಆ ಹೊಳೆಯೋ ತಟ್ಟೆಯಲ್ಲಿ ಅಯಾನಾದ ಹೈಡ್ರೋಜನ್ ಹತ್ತು ಸಾವಿರಕ್ಕೆ ಒಂದು ಅನ್ನೋಷ್ಟೇ.

ಅಗ್ನಿಮಿತ್ರ:
ಅಂದ್ರೆ ಸೂರ್ಯನೂ ಪ್ಲಾಸ್ಮಾ ಅಲ್ಲ ಅನ್ನಿ! ದೀಪ ಹೋಯ್ತು, ಈಗ ಸೂರ್ಯನ ಸರದಿ.

ಕಿರಣಬಿಂಬ:
ಸೂರ್ಯ ಪಾಸಾಗ್ತಾನೆ, ಚಿಂತೆ ಬೇಡ. ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಬಹುಪಾಲು ಬರೋದು ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣದಂಥ ಸುಲಭವಾಗಿ ಎಲೆಕ್ಟ್ರಾನ್ ಬಿಡೋ ಧಾತುಗಳಿಂದ. ಅಷ್ಟೇ ಸಾಕು ಅನಿಲ ಕಾಂತಕ್ಷೇತ್ರಕ್ಕೆ ಅಂಟಿಕೊಳ್ಳೋಕೆ, ಸೂರ್ಯನ ಮೇಲಿನ ಕಪ್ಪು ಕಲೆಗಳು ಹುಟ್ಟೋಕೆ. ಒಳಗಿಳಿದಂತೆ ಹೈಡ್ರೋಜನ್ ಪೂರ್ತಿ ಅಯಾನಾಗುತ್ತೆ, ನಡುವಿನಲ್ಲಿ ಸುಮಾರು 1.5 ಕೋಟಿ ಕೆಲ್ವಿನ್. ಸೂರ್ಯನ ಹೊರಗಿನ ತೆಳು ವಾತಾವರಣ, ಅಂದ್ರೆ ಕರೋನಾ ಕೂಡ 10 ಲಕ್ಷ ದಾಟುತ್ತೆ. ಅದನ್ನ ನೋಡೋಕೆ ಆದಿತ್ಯ-ಎಲ್1 ನೌಕೆಯಲ್ಲಿ ಹೋಗಿರೋ ಕರೋನಾಗ್ರಾಫ್ ಜೋಡಿಸಿದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ. 2024ರ ಜನವರಿ 6ರಿಂದ ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕೂತಿದೆ.

ಸುಮ್ನೆ_ಓದೋನು:
ಪರಮಾಣು ಬೀಜಗಳನ್ನ ಬೆಸೆಯೋ ಫ್ಯೂಷನ್ ಯಂತ್ರ 15 ಕೋಟಿ ಡಿಗ್ರಿ ಅಂತಾರಲ್ಲ, ಅದರ ಗೋಡೆ ಯಾಕೆ ಕರಗಲ್ಲ? ಅದೂ ಟ್ಯೂಬ್‌ಲೈಟ್ ಕಥೆಯಾ?

ಕಿರಣಬಿಂಬ:
ಅಲ್ಲ, ಅಲ್ಲಿ ಅಯಾನುಗಳೂ ನಿಜಕ್ಕೂ ಬಿಸಿ. ಆದರೆ ಫ್ರಾನ್ಸಿನ ಐಟಿಇಆರ್ ಥರದ ದೊಡ್ಡ ಯಂತ್ರದ ಒಳಗೂ ಒಂದು ಹೊತ್ತಿಗೆ ಇರೋ ಇಂಧನ ಒಂದು ಗ್ರಾಂಗಿಂತ ಕಡಿಮೆ, ಅದನ್ನ ಕಾಂತಕ್ಷೇತ್ರ ಗೋಡೆಯಿಂದ ದೂರ ಹಿಡಿದಿರುತ್ತೆ. ಇದಕ್ಕೇ ಒಂದು ಪ್ರತ್ಯೇಕ ಎಳೆ ಬೇಕು, ಇಲ್ಲಿ ಬೇಡ.

ಶಾರ್ಟ್‌ವೇವ್_ರಾಯರು:
ಎಲ್ಲರೂ ಸೂರ್ಯನ ಹಿಂದೆ ಓಡಿದಿರಿ, ತಲೆಯ ಮೇಲಿರೋ ಪ್ಲಾಸ್ಮಾ ಯಾರಿಗೂ ನೆನಪಿಲ್ಲ. ನೆಲದಿಂದ 60 ಕಿಲೋಮೀಟರ್ ಮೇಲಿಂದ ಶುರುವಾಗೋ ಅಯಾನುಗೋಳ. ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಜನ ಬದುಕಿರೋದೇ ಅದರಿಂದ.

ಕಿರಣಬಿಂಬ ‘ಒಟ್ಟಾಗಿ ತೂಗಾಟ’ ಅಂದರಲ್ಲ, ಅದಕ್ಕೊಂದು ಸರಳ ಲೆಕ್ಕ ಇದೆ. ಒಂದು ಘನ ಮೀಟರಿನಲ್ಲಿ ಎಷ್ಟು ಎಲೆಕ್ಟ್ರಾನಿವೆಯೋ ಅದರ ವರ್ಗಮೂಲ ತೆಗೆದು 9ರಿಂದ ಗುಣಿಸಿ. ಸಿಕ್ಕಿದ್ದು ತೂಗಾಟದ ಆವರ್ತನ, ಹರ್ಟ್ಸ್‌ಗಳಲ್ಲಿ. ಹಗಲಿನಲ್ಲಿ ಅಯಾನುಗೋಳದ ಮೇಲ್ಭಾಗದ ಎಫ್ ಪದರದಲ್ಲಿ ಘನ ಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ಇದ್ದರೆ 9 ಮೆಗಾಹರ್ಟ್ಸ್ ಬರುತ್ತೆ. ನೇರ ಮೇಲಕ್ಕೆ ಬಿಟ್ಟ ರೇಡಿಯೋ ಅಲೆಯ ಆವರ್ತನ ಅದಕ್ಕಿಂತ ಕಡಿಮೆಯಿದ್ದರೆ ಎಲೆಕ್ಟ್ರಾನುಗಳು ಅದನ್ನ ಹಿಂದಿರುಗಿಸ್ತವೆ. ಶಾರ್ಟ್‌ವೇವ್ ಸಮುದ್ರ ದಾಟೋದು ಹೀಗೆ, ಓರೆಯಾಗಿ ಬಿಟ್ಟರೆ ಇನ್ನೂ ಹೆಚ್ಚಿನ ಆವರ್ತನವೂ ವಾಪಸ್ ಬರುತ್ತೆ. ಎಫ್‌ಎಂನ 88ರಿಂದ 108 ಮೆಗಾಹರ್ಟ್ಸ್ ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತೆ, ಅದಕ್ಕೇ ಘಟ್ಟ ಇಳಿದರೆ ಬೆಂಗಳೂರಿನ ಎಫ್‌ಎಂ ಸಿಗಲ್ಲ.

ದೀಪದ ಕುಡಿ ಮೂರನೇ ಪರೀಕ್ಷೆಯಲ್ಲಿ ಫೇಲಾಯ್ತಲ್ಲ, ಅದೇ ಡಿಕ್ಕಿಯ ಕಾಟ ಇಲ್ಲೂ ಇದೆ. ಕೆಳಗಿನ ಡಿ ಪದರ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ಇನ್ನೂ ದಟ್ಟ. ಮಧ್ಯಮ ತರಂಗದ ಅಲೆ ಎಲೆಕ್ಟ್ರಾನನ್ನ ಅಲುಗಿಸುತ್ತೆ, ಎಲೆಕ್ಟ್ರಾನ್ ಹೋಗಿ ಗಾಳಿಯ ಅಣುವಿಗೆ ಗುದ್ದುತ್ತೆ, ಅಲೆಯ ಶಕ್ತಿ ಅಲ್ಲೇ ಶಾಖವಾಗಿ ಮುಗಿಯುತ್ತೆ. ಸೂರ್ಯ ಮುಳುಗಿದ ಮೇಲೆ ಡಿ ಪದರ ಬೇಗ ಕರಗಿಹೋಗುತ್ತೆ, ಅಲೆ ಮೇಲಿನ ಪದರ ತಲುಪಿ ವಾಪಸ್ ಬರುತ್ತೆ. ರಾತ್ರಿ ಮಾತ್ರ ದೂರದ ಕೇಂದ್ರಗಳು ಮೀಡಿಯಂ ವೇವ್‌ನಲ್ಲಿ ಕೇಳಿಸೋದು ಇದಕ್ಕೇ.

ಕಿರಣಬಿಂಬ:
ರಾಯರ ಲೆಕ್ಕವನ್ನೇ ತಿರುಗಿಸಿ ಬಳಸೋ ಜಾಗ ಗೌರಿಬಿದನೂರು. ಅಲ್ಲಿಯ ರೇಡಿಯೋ ವೀಕ್ಷಣಾಲಯದ ಹೀಲಿಯೋಗ್ರಾಫ್ ಸೂರ್ಯನ ಕರೋನಾವನ್ನ 40ರಿಂದ 150 ಮೆಗಾಹರ್ಟ್ಸ್‌ಗಳಲ್ಲಿ ನೋಡುತ್ತೆ. 80 ಮೆಗಾಹರ್ಟ್ಸ್‌ನಲ್ಲಿ ಒಂದು ಸ್ಫೋಟ ಹೊಳೆಯಿತು ಅಂದರೆ, ಅದು ಹೊರಟ ಜಾಗದಲ್ಲಿ ಘನ ಸೆಂಟಿಮೀಟರಿಗೆ ಸುಮಾರು 8 ಕೋಟಿ ಎಲೆಕ್ಟ್ರಾನ್ ಇರಬಹುದು ಅಂತ ಅಂದಾಜು ಸಿಕ್ಕಿತು. ಮೇಲಕ್ಕೆ ಹೋದಂತೆ ಕರೋನಾ ತೆಳು, ಆವರ್ತನ ಕಡಿಮೆ. ಹೀಗಾಗಿ ಆವರ್ತನ ಬದಲಿಸಿದರೆ ಬೇರೆ ಬೇರೆ ಎತ್ತರ ಕಾಣುತ್ತೆ. ವೇಗದ ಎಲೆಕ್ಟ್ರಾನ್ ಕಿರಣವೊಂದು ಸೂರ್ಯನಿಂದ ಹೊರಕ್ಕೆ ಚಿಮ್ಮಿದಾಗ ಸಂಕೇತದ ಆವರ್ತನ ಕೆಲವೇ ಸೆಕೆಂಡಿನಲ್ಲಿ ಜರ್ರನೆ ಇಳಿಯುತ್ತೆ. ಆ ಇಳಿತದಿಂದಲೇ ವೇಗ ಲೆಕ್ಕ ಹಾಕ್ತಾರೆ.

ಮೋಜಣಿ_ರೋವರ್:
ಎಳೆ ಪೂರ್ತಿ ಓದಿದೆ. ಜಮೀನು ಅಳತೆ ನನ್ನ ಕೆಲಸ, ಜಿಎನ್‌ಎಸ್‌ಎಸ್ ರೋವರ್ (ಉಪಗ್ರಹ ಸಂಕೇತದಿಂದ ಜಾಗ ಗುರುತಿಸೋ ರಿಸೀವರ್) ಹಿಡ್ಕೊಂಡು ಓಡಾಡೋದು. ಮಾರ್ಚ್ ಸುಮಾರಿಗೆ ಬಿಸಿಲು ತಪ್ಪಿಸೋಕೆ ಸಂಜೆ ಅಳತೆ ಮಾಡೋಣ ಅಂದ್ರೆ ಏಳೂವರೆ ಆದ ಮೇಲೆ ಫಿಕ್ಸ್ (ನಿಖರ ಸ್ಥಾನ) ಸಿಗಲ್ಲ, ಅಂದಾಜಿನ ಫ್ಲೋಟ್‌ನಲ್ಲೇ ಒದ್ದಾಡುತ್ತೆ. ಆಕಾಶ ಶುಭ್ರ, ಮರ ಇಲ್ಲ, ಉಪಗ್ರಹ ಬೇಕಾದಷ್ಟು ಕಾಣ್ತವೆ. ರಾಯರು ಹೇಳಿದ ಪ್ಲಾಸ್ಮಾಕ್ಕೂ ಇದಕ್ಕೂ ಸಂಬಂಧ ಇದೆಯಾ?

ಶಾರ್ಟ್‌ವೇವ್_ರಾಯರು:
ಇದೆ ಸ್ವಾಮಿ, ಬಹಳ ಹತ್ತಿರದ ಸಂಬಂಧ. ದಕ್ಷಿಣ ಭಾರತ ಕಾಂತೀಯ ಸಮಭಾಜಕದ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾಂತರವಾಗಿರೋ ಗೆರೆಯ) ಪಕ್ಕದಲ್ಲೇ ಇದೆ. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸೋಕೆ ಕೇರಳದ ತುಂಬಾ ಅನ್ನೋ ಊರನ್ನ ಆರಿಸಿದ್ದೇ ಆ ಕಾರಣಕ್ಕೆ. ಇಲ್ಲಿನ ಅಯಾನುಗೋಳದ ವರ್ತನೆ ಬೇರೆ ಕಡೆಯ ಹಾಗಲ್ಲ. ವಿವರ ಕಿರಣಬಿಂಬ ಹೇಳಲಿ.

ಕಿರಣಬಿಂಬ:
ನಿಮ್ಮ ಕಾಟಕ್ಕೆ ಬಹುಶಃ ಪ್ಲಾಸ್ಮಾ ಗುಳ್ಳೆಗಳು ಕಾರಣ. ಸೂರ್ಯ ಮುಳುಗಿದ ಕೂಡಲೇ ಎಫ್ ಪದರ ಇಲ್ಲಿ ಮೇಲಕ್ಕೆ ಏರುತ್ತೆ, ಅದರ ತಳಭಾಗದ ಅಯಾನುಗಳು ಎಲೆಕ್ಟ್ರಾನ್ ಹಿಡಿದು ಬೇಗ ಮಾಯವಾಗ್ತವೆ. ದಟ್ಟ ಪ್ಲಾಸ್ಮಾ ಮೇಲೆ, ತೆಳುವಾದದ್ದು ಕೆಳಗೆ, ಈ ಜೋಡಣೆ ನಿಲ್ಲಲ್ಲ. ತೆಳು ಭಾಗ ಗುಳ್ಳೆಯಾಗಿ ದಟ್ಟ ಪದರವನ್ನ ಸೀಳಿಕೊಂಡು ನೂರಾರು ಕಿಲೋಮೀಟರ್ ಮೇಲೇರುತ್ತೆ, ಕಾಂತರೇಖೆಗಳ ಗುಂಟ ಉತ್ತರ ದಕ್ಷಿಣಕ್ಕೆ ಚಾಚಿಕೊಳ್ಳುತ್ತೆ. ಅದರ ಅಂಚಿನ ಏರುಪೇರು ಹಾದು ಬರೋ ಉಪಗ್ರಹದ ಸಂಕೇತ ಮಿನುಗುತ್ತೆ, ರಿಸೀವರ್ ಸಂಕೇತದ ಮೇಲಿನ ಹಿಡಿತ, ಅಂದ್ರೆ ಲಾಕ್ ಕಳಕೊಳ್ಳುತ್ತೆ. ಉಪಗ್ರಹ ಲೆಕ್ಕಕ್ಕಿರುತ್ತೆ, ಉಪಯೋಗಕ್ಕೆ ಬರಲ್ಲ. ನಮ್ಮ ರೇಖಾಂಶದಲ್ಲಿ ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿನಲ್ಲಿ, ಸೂರ್ಯಾಸ್ತದಿಂದ ನಡುರಾತ್ರಿವರೆಗೆ ಜಾಸ್ತಿ. ಅಹಮದಾಬಾದ್, ಭೋಪಾಲ್ ಕಡೆ ನಮಗಿಂತ ಜೋರು, ಯಾಕಂದ್ರೆ ಪ್ಲಾಸ್ಮಾದ ದಟ್ಟ ಪಟ್ಟಿ ಅಲ್ಲಿದೆ.

ಮೋಜಣಿ_ರೋವರ್:
ಡ್ಯುಯಲ್ ಫ್ರೀಕ್ವೆನ್ಸಿ ರಿಸೀವರ್ ಇದ್ರೂ ಹೀಗಾ? ಅಯಾನುಗೋಳದ ತಪ್ಪನ್ನ ಅದೇ ಕಳೆಯುತ್ತೆ ಅಂತ ಮಾರಿದ್ದರು.

ಕಿರಣಬಿಂಬ:
ಅದು ಕಳೆಯೋದು ಸಂಕೇತ ತಡವಾಗಿ ಬರೋದರ ತಪ್ಪನ್ನ. ಎರಡು ಆವರ್ತನಕ್ಕೂ ತಡ ಬೇರೆ ಬೇರೆ ಇರೋದರಿಂದ ಹೋಲಿಸಿ ಕಳೆಯಬಹುದು. ಮಿನುಗಿ ಲಾಕೇ ತಪ್ಪಿದರೆ ಹೋಲಿಸೋಕೆ ಏನೂ ಉಳಿದಿರಲ್ಲ. ಬೇಸ್ (ಗೊತ್ತಿರೋ ಜಾಗದಲ್ಲಿ ನಿಲ್ಲಿಸೋ ಇನ್ನೊಂದು ರಿಸೀವರ್) ಹತ್ತಿರದಲ್ಲೇ ಇಟ್ಟುಕೊಳ್ಳಿ, ಜಿಪಿಎಸ್ ಜೊತೆ ಗೆಲಿಲಿಯೋ, ಗ್ಲೋನಾಸ್ ಎಲ್ಲಾ ಆನ್ ಮಾಡಿ, ಒಂದು ದಿಕ್ಕಿನ ಉಪಗ್ರಹ ಹೋದರೂ ಇನ್ನೊಂದು ದಿಕ್ಕಿನದ್ದು ಸಿಗಬಹುದು. ಸೂರ್ಯನ ಚಟುವಟಿಕೆ ಏರಿಳಿಯೋ ಸೌರಚಕ್ರ 2024ರ ಹೊತ್ತಿಗೆ ಗರಿಷ್ಠ ಹಂತಕ್ಕೆ ಬಂದಿತ್ತು, ಅದು ಇಳಿದ ಹಾಗೆ ಗುಳ್ಳೆ ಕಾಟವೂ ಕಡಿಮೆಯಾಗುತ್ತೆ. ಅಲ್ಲಿವರೆಗೆ ಮಾರ್ಚ್‌ನಲ್ಲಿ ಬೆಳಗ್ಗೆ ಆರಕ್ಕೇ ಹೊಲಕ್ಕೆ ಇಳಿಯಿರಿ. ಬಿಸಿಲೂ ಇರಲ್ಲ, ಗುಳ್ಳೆಯೂ ಇರಲ್ಲ.

ಮೋಜಣಿ_ರೋವರ್:
ಆರು ಗಂಟೆಗೆ ಜಮೀನಿನ ಮಾಲೀಕ ಏಳಬೇಕಲ್ಲ ಸಾರ್.